ಗುಡ್ಡದ ಬಳ್ಳಿಗೆ ಕೆರೆಗೋಡು

"ಲೋ ಇನ್ನಾಸ, ಯಾರಪ್ಪನ ಗಂಟು ಅಂತ ನನ್ನ ಗಿಡದ ತಲೆ ಕಡೀತಾ ಕೂತಿದ್ದೀಯೋ?"

"ಕೂಗಬೇಡಿ ಭಾವ. ಕೈ ನಡುಗಿದರೆ ಕಟ್ಟು ಕೆಡುತ್ತೆ."

"ಕೆಡಲಿ! ನಿನ್ನ ಕೈಯೇ ಮುರಿದು ಬೀಳಲಿ! ದಿಲ್‌ಖುಷ್ ಕಟ್ಟೋಕೆ ಅಂತ ನೀರು ಹೊತ್ತು ಸಾಕಿದ ಬೇರುಗಿಡ ಕಣೋ ಅದು. ಅದರ ಮೇಲೆ ಯಾವ ದೇಶದ ಕಡ್ಡೀನೋ ತಂದು ಸಿಗಿಸ್ತಾ ಇದ್ದೀಯಲ್ಲ, ನಾಚಿಕೆ ಆಗಲ್ವಾ?"

"ನಾನೇ ಕಟ್ಟು ಅಂದಿದ್ದು." ಒಳಗಿನಿಂದ ಹೆಂಗಸಿನ ದನಿ ಬಂತು. "ಬಯ್ಯೋದಿದ್ರೆ ನನ್ನನ್ನ ಬಯ್ಯಿರಿ."

ನಾನು ಹುಟ್ಟಿದ್ದು ಈ ಬೈಗುಳದ ನಡುವೆ. ಹುಟ್ಟುವಾಗಲೇ ಕುತ್ತಿಗೆಗೆ ಚಾಕು ಬಿದ್ದಿತ್ತು. ನಾನು ಒಂದು ದ್ರಾಕ್ಷಿ ಬಳ್ಳಿ. ಬೀಜದಿಂದ ಮೊಳೆತದ್ದಲ್ಲ, ಕಸಿ ಕಟ್ಟಿದ್ದು. ಸೊಂಟದಿಂದ ಕೆಳಗೆ ಒಂದು ಒರಟು ಕಾಡುಬಳ್ಳಿ. ಎಂಥ ಕೆಟ್ಟ ನೆಲದಲ್ಲೂ ಅದು ಬೇರು ಬಿಡುತ್ತದೆ, ಆದರೆ ಬಾಯಿಗಿಡುವಂಥ ಹಣ್ಣು ಕೊಡುವುದಿಲ್ಲ. ಸೊಂಟದಿಂದ ಮೇಲೆ ಶಿರಾಜ್ ಅನ್ನುವ ವೈನ್ ದ್ರಾಕ್ಷಿಯ ಕಡ್ಡಿ. ಒಂದನ್ನು ಸೀಳಿ, ಇನ್ನೊಂದನ್ನು ಚೂಪು ಮಾಡಿ, ಒಳಗೆ ತುರುಕಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದರು. ಹೀಗಾಗಿ ನನಗೆ ಭಯವೂ ಎರಡು ಪಾಲು ಬಂದಿದೆ. ಬೇರು ಹಾರೆಗೆ ಹೆದರುತ್ತದೆ, ತಲೆ ಕತ್ತರಿಗೆ ಹೆದರುತ್ತದೆ. ಧೈರ್ಯವಂತರ ಕತೆ ಬೇಕಾದವರು ಯಾವುದಾದರೂ ಹುಣಸೆ ಮರವನ್ನು ಕೇಳಿಕೊಳ್ಳಿ. ನನ್ನದು ಹೆದರಿದವರ ಕತೆ.

ಕೂಗುತ್ತಿದ್ದವನು ಚೌರಪ್ಪ. ಚಿಕ್ಕಬಳ್ಳಾಪುರದ ಕಡೆ, ಹದ್ದುಗುಂಡಿನ ಬೆಟ್ಟದ ಬುಡದಲ್ಲಿರುವ ನಮ್ಮೂರಿನಲ್ಲಿ ಅವನ ದಿಲ್‌ಖುಷ್ ಅನ್ನುವ ತಿನ್ನುವ ದ್ರಾಕ್ಷಿಯ ಚಪ್ಪರಕ್ಕೆ ದೊಡ್ಡ ಹೆಸರು. ಅವನ ತೋಟದ ಹಣ್ಣು ಗೋಲಿಗಿಂತ ದಪ್ಪ. ಚಾಕು ಹಿಡಿದು ಕೂತಿದ್ದವನು ಅವನ ಬಾಮೈದ ಇನ್ನಾಸಪ್ಪ. ಹೆದ್ದಾರಿ ಪಕ್ಕದ ಒಂದು ವೈನರಿಯಲ್ಲಿ ದ್ರಾಕ್ಷಿ ಆರಿಸುವುದು, ರಸ ಹಿಂಡಿಸುವುದು, ಹುದುಗು ಬರಿಸುವುದು ಅವನ ಕೆಲಸ. ಒಳಗಿನಿಂದ ಮಾತಾಡಿದವಳು ಲೂರ್ದಮ್ಮ. ಚೌರಪ್ಪನ ಹೆಂಡತಿ, ಇನ್ನಾಸಪ್ಪನ ಅಕ್ಕ.

"ಎಲ್ಲಿ ನೆಡ್ತೀಯಂತೆ?"

"ನಮ್ಮವ್ವನ ಗುಡ್ಡದಲ್ಲಿ."

"ಆ ಗುಡ್ಡದಲ್ಲಾ? ಮೇಕೆ ಬಿಟ್ಟರೆ ಮೇಕೇನೇ ಅತ್ತುಕೊಂಡು ಕೆಳಗಿಳಿಯುತ್ತೆ, ಅಲ್ಲಿ ದ್ರಾಕ್ಷಿಯಂತೆ!"

"ಅದಕ್ಕೇ ಸರಿ ಭಾವ. ವೈನ್ ದ್ರಾಕ್ಷಿಗೆ ಬಡ ನೆಲ ಬೇಕು, ಇಳಿಜಾರು ಬೇಕು, ಎತ್ತರ ಬೇಕು."

"ಬಡ ನೆಲ ಬೇಕಂತೆ. ಕೇಳಿದ್ಯೇನೇ ಲೂರ್ದು, ನಿನ್ನ ತಮ್ಮ ಓದಿದ್ದು ಜಾಸ್ತಿಯಾಯ್ತು. ಹೆಸರೇನೋ ಇದರದ್ದು?"

"ಶಿರಾಜ್."

"ಸಿರಾಜಾ? ನಮ್ಮ ಪಂಪ್‌ಸೆಟ್ ರಿಪೇರಿ ಮಾಡೋನ ಹೆಸರು ಕಣೋ ಅದು. ಅವನೂ ಬರೀ ಬಾಯಲ್ಲೇ ಕೆಲಸ ಮಾಡೋದು."

ಲೂರ್ದಮ್ಮ ಹೊರಗೆ ಬಂದಳು. ಕೈಯಲ್ಲಿ ಹಿಟ್ಟಿನ ಕೋಲು ಇತ್ತು. ಅದನ್ನು ನೋಡಿಯೇ ನಾನು ಚೀಲದೊಳಗೆ ನಡುಗಿದೆ.

"ಮದುವೆಯಾದಾಗಿಂದ ನಿಮ್ಮ ತೋಟದಲ್ಲಿ ಮೈ ಮುರಿದಿದ್ದೀನಿ. ಯಾವ ಬಳ್ಳಿ ಎಲ್ಲಿರಲಿ ಅಂತ ಒಂದು ದಿನ ನನ್ನ ಕೇಳಿದ್ದೀರಾ? ಇಲ್ಲ. ನಾನೂ ಕೇಳಿ ಅನ್ನಲಿಲ್ಲ. ನಮ್ಮವ್ವ ಕೊಟ್ಟ ಗುಡ್ಡ ಮಾತ್ರ ನನ್ನದು. ಅದರಲ್ಲಿ ಏನು ಬೆಳೀಬೇಕು, ಹೆಂಗೆ ಬೆಳೀಬೇಕು ಅಂತ ನಾನು ಹೇಳ್ತೀನಿ. ಕಲ್ಲಿದ್ರೂ ನನ್ನದೇ, ಮುಳ್ಳಿದ್ರೂ ನನ್ನದೇ."

ಚೌರಪ್ಪ ಟವೆಲ್ ಒದರಿ ಹೆಗಲ ಮೇಲೆ ಹಾಕಿಕೊಂಡು ತೋಟದ ಕಡೆ ಹೋದ. ಅವತ್ತು ಮಧ್ಯಾಹ್ನಕ್ಕೇ ಬಂದು ನಮ್ಮನ್ನು ಬಿಸಿಲಿನಿಂದ ನೆರಳಿಗೆ ಎತ್ತಿಟ್ಟವನೂ ಅವನೇ. "ಕಟ್ಟಿದ ಮೇಲೆ ಕಾಯಬೇಕಲ್ಲ, ಅಷ್ಟೂ ಗೊತ್ತಿಲ್ಲ ಮುಂಡೇವಕ್ಕೆ" ಅಂತ ಒಬ್ಬನೇ ಗೊಣಗುತ್ತಿದ್ದ.

ಮಳೆ ಶುರುವಾದಾಗ ನಮ್ಮನ್ನು ಬುಟ್ಟಿಯಲ್ಲಿ ಹೊತ್ತು ಗುಡ್ಡಕ್ಕೆ ತಂದರು. ನಾನು ಊರಿನ ಅಂಗಳ ಬಿಟ್ಟು ಬೇರೆ ನೆಲ ಕಂಡಿರಲಿಲ್ಲ. ಹತ್ತುತ್ತಾ ಹತ್ತುತ್ತಾ ಊರು ಸಣ್ಣದಾಯಿತು, ಚರ್ಚಿನ ಶಿಲುಬೆ ಕೆಳಗಾಯಿತು, ಚೌರಪ್ಪನ ಚಪ್ಪರ ಹಸಿರು ಕಂಬಳಿಯ ಹಾಗೆ ಕಂಡಿತು. ಮೇಲೆ ಬರೀ ಗಾಳಿ. ತಲೆಯ ಮೇಲೆ ಹದ್ದುಗುಂಡು ಅನ್ನುವ ಆ ದೊಡ್ಡ ಬಂಡೆ, ಈಗ ಬಿದ್ದೀತು, ಇನ್ನೊಂದು ಗಳಿಗೆಗೆ ಬಿದ್ದೀತು ಅನ್ನುವ ಹಾಗೆ ಕೂತಿದೆ. ನನ್ನ ಗುಂಡಿ ತೋಡುವಾಗ ಹಾರೆಯಿಂದ ಕಿಡಿ ಹಾರಿತು. ಕಿಡಿ ಹಾರುವ ನೆಲದಲ್ಲಿ ಗಿಡ ನೆಡುವುದುಂಟೇ? ನನ್ನನ್ನು ಸುಡಲು ತಂದಿದ್ದಾರೆ ಅಂದುಕೊಂಡೆ.

ಸುಡಲಿಲ್ಲ, ನೆಟ್ಟರು. ಅಂಗೈಯಷ್ಟು ಆಳದ ಕೆಂಪು ಗರಸು, ಅದರ ಕೆಳಗೆ ಜಲ್ಲಿ, ಅದರ ಕೆಳಗೆ ಬಂಡೆ. ನಾಲ್ಕು ದಿನ ಲೂರ್ದಮ್ಮ ಬಿಂದಿಗೆಯಲ್ಲಿ ನೀರು ಹೊತ್ತು ತಂದು ಹಾಕಿದಳು. ಹಾಕಿದ ನೀರು ಬುಡದಲ್ಲಿ ನಿಲ್ಲದೆ ಜಾರಿ ಹೋಗುತ್ತಿತ್ತು. ಇನ್ನಾಸಪ್ಪ ಬಂದವನು ಅದನ್ನೂ ನಿಲ್ಲಿಸಿದ.

"ಸಾಕು ಅಕ್ಕ. ಬಾಯಾರಲಿ. ಬಾಯಾರಿದರೇನೇ ಬೇರು ಕೆಳಗೆ ಹುಡುಕಿಕೊಂಡು ಹೋಗೋದು."

ಆ ದಿನ ಅವನ ಮೇಲೆ ಬಂದ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಬಾಯಾರಲಿ ಅಂತ ನಿಂತು ಹೇಳುವವನ ಕೈಯಲ್ಲಿ ನೀರಿನ ಬಾಟಲಿ ಇತ್ತು.

ಹೆದರಿಕೆಯಲ್ಲಿ ಬೇರನ್ನು ಎತ್ತೆತ್ತಲೋ ಚಾಚಿದೆ. ಎಡಕ್ಕೆ ಕಲ್ಲು, ಬಲಕ್ಕೆ ಕಲ್ಲು. ಪಕ್ಕದ ಬಳ್ಳಿ ಬಿಸಿಲಿಗೆ ಸೊರಗಿ ಒಣಗಿತು. ಅದರ ಒಣಗಿದ ಕಡ್ಡಿ ಗಾಳಿಗೆ ಕಟಕಟ ಅನ್ನುವಾಗೆಲ್ಲ ಮುಂದಿನ ಸರದಿ ನನ್ನದೇ ಅನಿಸುತ್ತಿತ್ತು. ಕೊನೆಗೆ ಕೂದಲೆಳೆಯಷ್ಟು ಸಣ್ಣ ಬೇರೊಂದಕ್ಕೆ ಬಂಡೆಯಲ್ಲಿ ಒಂದು ಬಿರುಕು ಸಿಕ್ಕಿತು. ಒಳಗೆ ಕತ್ತಲೆ, ತಂಪು. ಎಂದೋ ಬಿದ್ದ ಮಳೆಯ ತೇವ ಇನ್ನೂ ಅಲ್ಲಿ ಕಲ್ಲಿಗೆ ಅಂಟಿಕೊಂಡಿತ್ತು. ನೆಕ್ಕಿದೆ. ಕುಡಿದೆ ಅನ್ನುವಷ್ಟು ಇರಲಿಲ್ಲ, ನೆಕ್ಕಿದೆ ಅಷ್ಟೆ. ಆದರೆ ಸಾಯಲಿಲ್ಲ.

ಎತ್ತರದ ಬದುಕು ಕೆಳಗಿನವರಿಗೆ ಅರ್ಥವಾಗುವುದಿಲ್ಲ. ಹಗಲು ಬಿಸಿಲು ಅಡ್ಡವಿಲ್ಲದೆ ಬಡಿಯುತ್ತದೆ. ಆ ಏಟು ತಡೆಯಲಿಕ್ಕೆ ನನ್ನ ಹಣ್ಣು ಸಿಪ್ಪೆ ದಪ್ಪ ಮಾಡಿಕೊಳ್ಳುತ್ತದೆ, ಬಣ್ಣ ಕಪ್ಪಗೆ ಮಾಡಿಕೊಳ್ಳುತ್ತದೆ. ಹೊತ್ತು ಮುಳುಗಿದರೆ ಬೆಟ್ಟದಿಂದ ಇಳಿಯುವ ಗಾಳಿ ಎಲೆಯನ್ನು ಹಿಂಡುವಷ್ಟು ತಣ್ಣಗೆ. ಚೌರಪ್ಪನ ಚಪ್ಪರದಲ್ಲಿ ಸೆಕೆಗೆ ಹಣ್ಣಿನ ಹುಳಿ ಕರಗಿ ಬೇಗ ಸಿಹಿಯಾಗುತ್ತದೆ. ಇಲ್ಲಿ ಚಳಿ ಹುಳಿಯನ್ನು ಕರಗಲು ಬಿಡುವುದಿಲ್ಲ. ಹಣ್ಣು ನಿಧಾನ, ಸಣ್ಣದು, ಗೊಂಚಲು ಬಡಕಲು. ನೀರು ಕಡಿಮೆ ಇದ್ದದ್ದರಿಂದ ಇದ್ದಷ್ಟು ರಸ ಗಟ್ಟಿ. ನೋಡಿದವರು ಮೆಣಸಿನ ಕಾಳು ಅನ್ನಬೇಕು, ಹಾಗೆ. ನಾನೇನೂ ಬೇಕಂತ ಮಾಡಿದ್ದಲ್ಲ. ಬದುಕುವ ಭಯಕ್ಕೆ ಏನೇನು ತೋಚಿತೋ ಅದನ್ನು ಮಾಡಿಕೊಂಡೆ. ಅದೇ ವೈನಿಗೆ ಬೇಕಾದ ಗುಣವಂತೆ. ನನಗೇನು ಗೊತ್ತಿತ್ತು.

ಮೊದಲ ಫಸಲಿನ ಕತ್ತರಿಗೆ ಲೂರ್ದಮ್ಮ ಹತ್ತಿ ಬಂದಳು. ನಮ್ಮ ಸೀಮೆಯ ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಬೀಳುತ್ತದೆ. ಬೇಸಿಗೆಯಲ್ಲಿ ಒಂದು, ಅಕ್ಟೋಬರಿನಲ್ಲಿ ಹಣ್ಣಿಗಾಗಿ ಒಂದು. ಅವಳ ಕೈ ಅಳುಕುತ್ತಿತ್ತು. ಚಿಗುರೊಡೆಯುವ ಕಣ್ಣನ್ನು ಬಿಟ್ಟು ಕತ್ತರಿಸುವ ಬದಲು ಕಣ್ಣಿನ ಮೇಲೇ ಕತ್ತರಿಸಿದಳು. ನೋವಿಗೆ ನೀರು ಸುರಿಸಿದೆ.

"ತೆಗಿ ಇತ್ಲಾಗೆ!" ಹಿಂದಿನಿಂದ ಚೌರಪ್ಪ ಬಂದು ಕತ್ತರಿ ಕಿತ್ತುಕೊಂಡ. "ಕೋಳಿ ಕೊಯ್ದಂಗೆ ಕೊಯ್ತೀಯಲ್ಲೇ."

"ನೀವು ಯಾಕೆ ಬಂದ್ರಿ?"

"ಗಾಳಿ ಕುಡಿಯೋಕೆ ಬಂದೆ."

ಅವನ ಕತ್ತರಿಗೆ ನಾನು ತುಂಬ ಹೆದರಿದ್ದೆ. ಆದರೆ ಹೇಳಬೇಕಾದ್ದನ್ನು ಹೇಳಲೇಬೇಕು: ಅಂಥ ಕೈ ನಾನು ಇನ್ನೊಂದು ಕಂಡಿಲ್ಲ. ಕಣ್ಣಿಂದ ಒಂದು ಬೆರಳು ಬಿಟ್ಟು, ಓರೆಯಾಗಿ, ಒಂದೇ ಸಲಕ್ಕೆ. ನೋವು ಶುರುವಾಗುವ ಮೊದಲೇ ಮುಗಿದಿರುತ್ತಿತ್ತು. ಅವತ್ತು ಅವನು ಬಯ್ಯುತ್ತಲೇ ಎಲ್ಲ ಸಾಲೂ ಮುಗಿಸಿದ. ಆಮೇಲೆ ಪ್ರತಿ ಕತ್ತರಿಗೂ "ಗಾಳಿ ಕುಡಿಯಲು" ಬಂದ.

ಆ ಫಸಲಿನ ಹಣ್ಣು ಬಾಯಿಗೆ ಹಾಕಿಕೊಂಡು ಚೌರಪ್ಪ ಮುಖ ಹಿಂಡಿ ಉಗಿದ. "ಥೂ, ಹುಣಸೇಹಣ್ಣಿಗೂ ಇದಕ್ಕಿಂತ ಮರ್ಯಾದೆ ಇದೆ." ಇನ್ನಾಸಪ್ಪ ಅದನ್ನೇ ಅಗಿದು ಕಣ್ಣು ಮುಚ್ಚಿ ನಿಂತ. ವೈನರಿಯವರು ನಮ್ಮ ಗುಡ್ಡದ ಹಣ್ಣನ್ನು ಬೇರೆಯದಕ್ಕೆ ಬೆರೆಸದೆ ಬೇರೆ ಪೀಪಾಯಿಯಲ್ಲೇ ಇಟ್ಟರಂತೆ. ಮುಂದೊಂದು ದಿನ ಇನ್ನಾಸಪ್ಪ ಅದರ ಒಂದು ಬಾಟಲಿ ಹಿಡಿದು ಗುಡ್ಡ ಹತ್ತಿದ. ಮೂವರೂ ನನ್ನ ಸಾಲಿನ ಕೊನೆಯ ಕಲ್ಲುಕಂಬಕ್ಕೆ ಒರಗಿ ಸ್ಟೀಲ್ ಲೋಟದಲ್ಲಿ ಕುಡಿದರು.

"ಒಗರು" ಅಂದ ಚೌರಪ್ಪ.

"ಇನ್ನೊಂದು ಗುಟುಕು ನೋಡಿ ಭಾವ."

"ಇನ್ನೂ ಒಗರು." ಲೋಟ ಚಾಚಿದ. "ಹಾಕು, ಯಾಕೆ ಒಗರು ಅಂತ ನೋಡಬೇಕಲ್ಲ."

ಲೂರ್ದಮ್ಮ ಲೋಟವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕೂತಿದ್ದಳು. "ಬಿಸಿಲಿಗೆ ಕಾದ ಬಂಡೆ ಮೇಲೆ ನೀರು ಚೆಲ್ಲಿದಂಗಿದೆ ಕಣೋ ವಾಸನೆ" ಅಂದಳು. "ನಮ್ಮ ಗುಡ್ಡಾನೇ ಇದು." ಅವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಚೌರಪ್ಪ ಅವಳ ಮುಖ ನೋಡಿದ. ತನ್ನ ಗೋಲಿ ಗಾತ್ರದ ಹಣ್ಣಿಗೆ ಅವಳು ಯಾವತ್ತೂ ಆ ಮುಖ ಮಾಡಿರಲಿಲ್ಲ ಅಂತ ಕಾಣುತ್ತದೆ. ಅವತ್ತೇ ಅವನ ತಲೆಯಲ್ಲಿ ಏನೋ ಹೊಕ್ಕಿತು. ಒಳ್ಳೆಯದೇ ಹೊಕ್ಕಿತು. ಒಳ್ಳೆಯದಕ್ಕೆ ಹೆದರಬೇಕು ಅಂತ ಆಗ ನನಗೆ ಗೊತ್ತಿರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಕೋಲಾರದಲ್ಲಿದ್ದ ಮಗಳಿಗೆ ಅವಳಿ ಮಕ್ಕಳಾದವು. ಲೂರ್ದಮ್ಮ ಬಾಣಂತನಕ್ಕೆ ಹೊರಟಳು. "ನಾನು ಬರೋವರೆಗೂ ನೋಡ್ಕೊಳ್ಳಿ" ಅಂತ ಗಂಡನಿಗೆ ಹೇಳಿದಳು. ನೋಡಿಕೊಳ್ಳುವುದು ಅನ್ನುವ ಮಾತಿಗೆ ಅವಳ ಮನಸ್ಸಿನಲ್ಲಿ ಒಂದು ಅರ್ಥ ಇತ್ತು, ಅವನ ಮನಸ್ಸಿನಲ್ಲಿ ಇನ್ನೊಂದು. ಅವನ ಅರ್ಥ ಏನೆಂದು ನನಗೆ ಒಂದು ವಾರದಲ್ಲೇ ತಿಳಿಯಿತು.

ಕೆರೆ ಬತ್ತಿತ್ತು. ಊರಿನವರೆಲ್ಲ ಕೆರೆಗೋಡು ಹೊಡೆಸುತ್ತಿದ್ದರು. ಕೆರೆಯ ತಳದ ಕಪ್ಪು ಮಣ್ಣು, ಹೊಲಕ್ಕೆ ಅದಕ್ಕಿಂತ ದೊಡ್ಡ ಉಡುಗೊರೆ ನಮ್ಮ ಕಡೆ ಇಲ್ಲ. ಮಗಳ ಮದುವೆಗೂ ಅಷ್ಟು ಖುಷಿಯಿಂದ ದುಡ್ಡು ಸುರಿಯುವುದಿಲ್ಲ. ಚೌರಪ್ಪ ಟ್ರ್ಯಾಕ್ಟರಿನಲ್ಲಿ ಅದನ್ನು ಗುಡ್ಡದ ಬುಡಕ್ಕೆ ತಂದ. ಅಲ್ಲಿಂದ ಮೇಲೆ ಟ್ರ್ಯಾಕ್ಟರು ಹತ್ತುವುದಿಲ್ಲ. ಬಾಂಡ್ಲಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತ. ಕೂಲಿಯವರನ್ನೂ ಕರೆಯಲಿಲ್ಲ. ನನ್ನ ಬುಡದಲ್ಲಿದ್ದ ಜಲ್ಲಿಯನ್ನೆಲ್ಲ ಆರಿಸಿ ಹೊರಗೆ ಎಸೆದ. ಹೊರಗೆ ಎಸೆದ ಒಂದೊಂದು ಕಲ್ಲಿನ ಜೊತೆ ನನ್ನ ಜೀವ ಹಾರಿತು. ಆ ಕಲ್ಲುಗಳೇ ನೀರು ನಿಲ್ಲದ ಹಾಗೆ ನನ್ನನ್ನು ಕಾಯುತ್ತಿದ್ದವು. ಆಮೇಲೆ ಕಪ್ಪು ಗೋಡನ್ನು ಮೊಣಕಾಲುದ್ದ ಏರಿಸಿದ. ಕಟ್ಟೆ ಕಟ್ಟಿ ಪೈಪು ಎಳೆದ.

"ಉಣ್ಣಿ" ಅಂದ ನಮ್ಮೆಲ್ಲರಿಗೂ. ಬೆವರಿನಿಂದ ಅವನ ಅಂಗಿ ಬೆನ್ನಿಗೆ ಅಂಟಿತ್ತು. "ಹೊಟ್ಟೆ ತುಂಬ ಉಣ್ಣಿ. ಅವಳು ಬಂದು ನೋಡಿದರೆ ಬಾಯಿ ಬಿಡಬೇಕು."

ಉಂಡೆ. ಸುಳ್ಳೇಕೆ ಹೇಳಲಿ? ಎಷ್ಟೋ ವರ್ಷ ಕಲ್ಲು ನೆಕ್ಕಿದ ಬಳ್ಳಿ ನಾನು. ಮೇಲ್ಗಡೆ ಹೊಸ ಬೇರು ಬಿಟ್ಟು ಆ ಗೋಡಿನಲ್ಲಿ ಬಾಯಿ ಹಾಕಿದೆ. ಎಲೆ ಅಂಗೈಯಗಲ ಆಯಿತು, ಚಿಗುರು ತಂತಿ ದಾಟಿ ಓಡಿತು. ಆದರೆ ಒಳಗೊಂದು ದಿಗಿಲು ಶುರುವಾಯಿತು. ಬುಡ ಯಾವಾಗಲೂ ಒದ್ದೆ. ಕುತ್ತಿಗೆಯವರೆಗೆ ಮಣ್ಣು. ಯಾರೋ ಪ್ರೀತಿಯಿಂದ ಅಪ್ಪಿಕೊಂಡು ಬಿಡದೇ ಹೋದ ಹಾಗೆ.

ಚಳಿಗಾಲದ ಹೊತ್ತಿಗೆ ಗೊಂಚಲು ಬಿಟ್ಟವು. ಚೌರಪ್ಪ ಒಂದು ಪ್ಲಾಸ್ಟಿಕ್ ಮಗ್ಗಿನಲ್ಲಿ ಜಿ.ಎ. ಅನ್ನುವ ಔಷಧಿ ಕಲಸಿದ ನೀರು ಹಿಡಿದು ಬಂದ. ಕಾಯಿ ದಪ್ಪವಾಗಲೆಂದು ದಿಲ್‌ಖುಷ್ ಬೆಳೆಯುವವರೆಲ್ಲ ಗೊಂಚಲನ್ನು ಅದರಲ್ಲಿ ಅದ್ದುತ್ತಾರೆ. ವೈನ್ ದ್ರಾಕ್ಷಿಯನ್ನು ಯಾರೂ ಅದ್ದುವುದಿಲ್ಲ. ಅದು ಅವನಿಗೆ ಗೊತ್ತಿಲ್ಲ. ಅದ್ದದೆ ಬಿಟ್ಟ ಗೊಂಚಲು ಅವನ ಕಣ್ಣಿಗೆ ತಲೆ ಬಾಚದೆ ಪೂಜೆಗೆ ಕಳಿಸಿದ ಮಗುವಿನ ಹಾಗೆ. ಒಂದೊಂದೇ ಗೊಂಚಲನ್ನು ಕೈಯಲ್ಲಿ ಹಿಡಿದು, ಮಗ್ಗಿನಲ್ಲಿ ಮುಳುಗಿಸಿ, ಮೆಲ್ಲಗೆ ಅಲ್ಲಾಡಿಸಿ ಬಿಟ್ಟ. ಪ್ರತಿ ಸಲವೂ ನನ್ನನ್ನೇ ಮುಳುಗಿಸಿದ ಹಾಗೆ ಉಸಿರು ಹಿಡಿದೆ.

ಕ್ರಿಸ್‌ಮಸ್ಸಿಗೆ ಲೂರ್ದಮ್ಮ ಊರಿಗೆ ಬಂದಳು; ಅವಳಿ ಮಕ್ಕಳನ್ನು ಬಿಟ್ಟು ಅಲ್ಲಿಯವರೆಗೆ ಬರಲಾಗಿರಲಿಲ್ಲ. ಬೆಳಗಿನ ಪೂಜೆ ಮುಗಿಸಿ ಹೊಸ ಸೀರೆಯಲ್ಲೇ ಗುಡ್ಡ ಹತ್ತಿದಳು. ಹಿಂದೆ ಚೌರಪ್ಪ. ಅವಳು ಮೊದಲು ನೆಲ ನೋಡಿದಳು. ಕೆಂಪು ನೆಲ ಕಪ್ಪಗಿತ್ತು. ಆಮೇಲೆ ಗೊಂಚಲು ನೋಡಿದಳು. ಕಂಬದ ಮೇಲೆ ಮಗ್ಗು ಬೋರಲು ಹಾಕಿತ್ತು, ಅದನ್ನೂ ನೋಡಿದಳು.

"ಹೆಂಗಿದೆ?" ಅಂದ ಚೌರಪ್ಪ.

"ದಪ್ಪ ಆಗಿದೆ" ಅಂದಳು.

ಅವನು ಅದನ್ನು ಹೊಗಳಿಕೆ ಅಂತ ಕೇಳಿಸಿಕೊಂಡ. ಮುಖವೆಲ್ಲ ನಗುವಾಯಿತು. ಅವಳು ಕಾಲಿನ ಹೆಬ್ಬೆರಳಿಂದ ಗೋಡನ್ನು ಕೆದಕಿ ನೋಡಿ, ಸೆರಗು ಹೊದ್ದು ಇಳಿದಳು.

ಕೊಯ್ಲಿಗೆ ಇನ್ನಾಸಪ್ಪ ಬಂದ. ಒಂದು ಹಣ್ಣು ಕಿತ್ತು ಕಚ್ಚಿದ. ರಸ ಗಲ್ಲದ ಮೇಲೆ ಹರಿಯಿತು.

"ಯಾರು ಅದ್ದಿದ್ದು ಇದನ್ನ?"

"ನಾನೇ ಕಣೋ. ಹೆಂಗೆ? ಮೆಣಸಿನ ಕಾಳು ಇದ್ದದ್ದು ಹೆಂಗಾಗಿದೆ ನೋಡು!"

"ಇದು ನೀರು ಭಾವ."

"ಏನಂದೆ?"

"ನೀರು. ಹುಳಿ ಇಲ್ಲ, ಒಗರಿಲ್ಲ, ಸಿಪ್ಪೆ ಇಲ್ಲ. ಕೆಳಗಿನ ಚಪ್ಪರದಲ್ಲಿ ಬೆಳೆದಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ವೈನರಿಗೆ ಒಯ್ದರೆ ನನ್ನ ಮುಖಕ್ಕೆ ಎಸೀತಾರೆ. ಮೊದಲು ಈ ಗೋಡು ತೆಗೆಸಿ, ಮಳೆ ಬಿದ್ದರೆ ಬೇರು ಕೊಳೆಯುತ್ತೆ."

"ಮಣ್ಣು ಎಸೆಯೋದಾ?" ಚೌರಪ್ಪನ ದನಿ ಬೆಟ್ಟಕ್ಕೆ ಬಡಿದು ವಾಪಸ್ಸು ಬಂತು. "ಲೋ, ತಲೆ ಮೇಲೆ ಹೊತ್ತಿದ್ದೀನಿ ಕಣೋ! ಕೆರೆಗೋಡು ಎಸೆಯೋ ಮನೆತನ ಉದ್ಧಾರ ಆದದ್ದು ಎಲ್ಲಾದ್ರೂ ಕೇಳಿದ್ದೀಯಾ? ಕಲ್ಲು ತಿನ್ನಿಸಿ, ಬಾಯಾರಿಸಿ, ಬಡಕಲು ಮಾಡೋದು ನಿಮ್ಮ ಕಸುಬು. ನಾನು ಅನ್ನ ಹಾಕಿದ್ದು ತಪ್ಪಾ?"

"ನಿಮ್ಮ ತೋಟಕ್ಕೆ ಹಾಕಿ" ಅಂದಳು ಲೂರ್ದಮ್ಮ. "ನನ್ನ ಗುಡ್ಡಾನ ನಿಮ್ಮ ತೋಟ ಮಾಡಿದ್ರಿ. ಇನ್ನು ಇದರಲ್ಲಿ ನಂದೇನು ಉಳೀತು?"

ಚೌರಪ್ಪ ಬುಟ್ಟಿ ಒದ್ದ. ಹಣ್ಣು ಉರುಳಿ ಇಳಿಜಾರಿನಲ್ಲಿ ಹೋದವು. ಆದರೆ ಗೋಡಿಗೆ ಮಾತ್ರ ಯಾರನ್ನೂ ಕೈ ಹಾಕಲು ಬಿಡಲಿಲ್ಲ. ಲೂರ್ದಮ್ಮ ಗುದ್ದಲಿ ಹಿಡಿದವಳು ಅವನ ಮುಖ ನೋಡಿ ಕೆಳಗಿಟ್ಟಳು. ಆ ಗುದ್ದಲಿ ಕೆಳಗಿಟ್ಟ ಸದ್ದು ನನಗೆ ಮರಣದ ಗಂಟೆ ಕೇಳಿದ ಹಾಗೆ ಕೇಳಿತು. ನನಗೆ ಕಾಲಿದ್ದಿದ್ದರೆ ಅವತ್ತೇ ಓಡಿ ಹೋಗುತ್ತಿದ್ದೆ.

ಆ ವರ್ಷ ಅಕ್ಟೋಬರಿನ ಕತ್ತರಿ ಮುಗಿದು ಚಿಗುರು ಬರುತ್ತಿದ್ದ ಹಾಗೇ ಮಳೆ ಹಿಡಿಯಿತು. ಸಮುದ್ರದಲ್ಲಿ ಎದ್ದ ಗಾಳಿ ನಮ್ಮ ಬೆಟ್ಟಕ್ಕೆ ಬಂದು ಸಿಕ್ಕಿಕೊಂಡಿತ್ತು. ಮೊದಲಾಗಿದ್ದರೆ ಎಂಥ ಮಳೆಯೂ ಜಲ್ಲಿಯ ಸಂದಿಯಲ್ಲಿ ಇಳಿದು ಓಡುತ್ತಿತ್ತು. ಈಗ ಗೋಡು ನೀರನ್ನು ಹಿಡಿದುಕೊಂಡು ಕೂತಿತು. ಕಟ್ಟೆ ತುಂಬಿತು. ಕೊಬ್ಬಿ ಬೆಳೆದಿದ್ದ ನನ್ನ ಮೇಲ್ಬೇರುಗಳು ಒಂದೊಂದಾಗಿ ಉಸಿರು ಕಟ್ಟಿ ಮೆತ್ತಗಾದವು. ನನ್ನ ಮೈಯಲ್ಲೇ ನನ್ನ ಕೊಳೆತ ವಾಸನೆ ಬಂತು. ಮೇಲೆ ಎಲೆಯ ಕೆಳಗೆ ಬಿಳಿ ಬೂಜು ಹಬ್ಬಿತು, ಸಣ್ಣ ಗೊಂಚಲುಗಳು ಕಂದಾಗಿ ಉದುರಿದವು. ಚೌರಪ್ಪ ಮಳೆಯಲ್ಲೇ ಗೋಣಿ ಹೊದ್ದು ಮೈಲುತುತ್ತ, ಸುಣ್ಣ ಕಲಸಿ ಹೊಡೆದ. ಹೊಡೆದದ್ದನ್ನು ಮಳೆ ತೊಳೆಯಿತು. ಮತ್ತೆ ಹೊಡೆದ. ಮಳೆಯೊಳಗೆ ಅವನು ನಮ್ಮನ್ನು ಬಯ್ಯುತ್ತಿದ್ದನೋ, ಬೇಡಿಕೊಳ್ಳುತ್ತಿದ್ದನೋ, ದನಿಯಿಂದ ಹೇಳಲು ಬರುತ್ತಿರಲಿಲ್ಲ.

ಮಳೆ ನಿಂತ ಮೇಲೆ ಒಂದು ಬೆಳಗ್ಗೆ ಹಾರೆ ಹಿಡಿದು ಬಂದ. ಹಿಂದೆಯೇ ಲೂರ್ದಮ್ಮ ಓಡಿ ಬಂದಳು.

"ಏನು ಮಾಡ್ತೀರಿ?"

"ಕೀಳ್ತೀನಿ. ಸತ್ತ ಹೆಣ ಇಟ್ಕೊಂಡು ಏನು ಮಾಡ್ತೀಯಾ? ನೆಲ ಚೆನ್ನಾಗಿದೆ. ದಿಲ್‌ಖುಷ್ ನೆಡ್ತೀನಿ."

"ನೆಲ ಚೆನ್ನಾಗಿದೆ ಅಂತ ಇನ್ನೂ ಅಂತೀರಲ್ಲ!"

ಅವನು ಕೆಳಗಿನ ಸಾಲಿನಿಂದ ಶುರು ಮಾಡಿದ. ನಾನು ಮೇಲಿನ ಸಾಲು. ಹಾರೆ ಮಣ್ಣಿಗೆ ಇಳಿಯುವ ಮೆತ್ತನೆಯ ಸದ್ದು, ಆಮೇಲೆ ಬೇರು ಹರಿಯುವ ಚರ್ರ್ ಅನ್ನುವ ಸದ್ದು, ಆಮೇಲೆ ತಂತಿಯ ಕಂಪನ. ಆ ನಡುಕ ಕಂಬದಿಂದ ಕಂಬಕ್ಕೆ ನನ್ನವರೆಗೂ ಬರುತ್ತಿತ್ತು. ಕೊಳೆತವು ಮೂಲಂಗಿ ಕಿತ್ತ ಹಾಗೆ ಸಲೀಸಾಗಿ ಬಂದವು. ಒಂದು ಸಾಲು ಹೋಯಿತು. ಮತ್ತೊಂದು ಹೋಯಿತು. ನನ್ನ ಜೊತೆ ಬುಟ್ಟಿಯಲ್ಲಿ ಬಂದಂಥವು, ಒಂದೇ ಗಾಳಿಗೆ ನಡುಗಿದಂಥವು. ನನಗೆ ಕಿವುಡಾಗಬೇಕು ಅನಿಸಿತು.

ನನ್ನ ಮುಂದೆ ಬಂದಾಗ ಲೂರ್ದಮ್ಮ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಏಳು."

"ಏಳಲ್ಲ."

"ಕಾಲಿಗೆ ಹಾರೆ ತಗುಲುತ್ತೆ ಲೂರ್ದು, ಏಳು."

"ತಗುಲಲಿ."

ಅವನು ಅವಳ ಪಕ್ಕ ಬಳಸಿ ಇನ್ನೊಂದು ಕಡೆಯಿಂದ ಹಾರೆ ಹಾಕಿದ. ಠಣ್ ಅಂದಿತು. ಕಿಡಿ ಹಾರಿತು. ನನ್ನನ್ನು ಎರಡು ಕೈಯಲ್ಲಿ ಹಿಡಿದು ಎಳೆದ. ಕಸಿಯ ಗಂಟು ಬಿಚ್ಚಿತೇನೋ ಅನ್ನುವಂತೆ ಮೈಯೆಲ್ಲ ಕಿರುಗುಟ್ಟಿತು. ನಾನು ಬರಲಿಲ್ಲ. ಕಾಲು ಕಂಬಕ್ಕೆ ಕೊಟ್ಟು ಮತ್ತೆ ಎಳೆದ. ಬರಲಿಲ್ಲ. ನಾನು ಹಿಡಿದುಕೊಂಡಿದ್ದೆ ಅಂತಲ್ಲ, ಹೆದರಿ ಅರ್ಧ ಸತ್ತಿದ್ದೆ. ಕೆಳಗೆ ಬಂಡೆ ನನ್ನನ್ನು ಹಿಡಿದುಕೊಂಡಿತ್ತು.

ಚೌರಪ್ಪ ಏದುಸಿರು ಬಿಡುತ್ತಾ ಮಂಡಿಯೂರಿದ. ಕೈಯಿಂದಲೇ ಗೋಡನ್ನು ಬಾಚಿ ಬಾಚಿ ತೆಗೆದ. ಮೇಲ್ಬೇರುಗಳು ಸಿಕ್ಕವು. ಮುಟ್ಟಿದರೆ ಸಿಪ್ಪೆ ಕಪ್ಪಗೆ ಜಾರಿ ಬಂತು. ಬೆರಳು ಮೂಸಿ ನೋಡಿಕೊಂಡ. ಇನ್ನೂ ಕೆಳಗೆ ಬಾಚಿದ. ಕೆಂಪು ಗರಸು ಬಂತು, ಉಳಿದಿದ್ದ ಜಲ್ಲಿ ಬಂತು, ಆಮೇಲೆ ಬಂಡೆ. ಬಂಡೆಯ ಬಿರುಕಿನಲ್ಲಿ ಹಾರೆಯಷ್ಟು ದಪ್ಪದ ನನ್ನ ಬೇರು ಇಳಿದಿತ್ತು. ಗಟ್ಟಿ, ಕೊಳೆಯದ್ದು, ಕೆಂಪಗಿದ್ದದ್ದು. ಅದರ ಜೊತೆ ಅವನ ಬೆರಳೂ ಬಿರುಕಿನೊಳಗೆ ಇಳಿಯಿತು. ಎರಡನೇ ಗೆಣ್ಣಿನವರೆಗೆ ಹೋಗಿ ನಿಂತಿತು. ಅಲ್ಲಿಂದಾಚೆ ಅವನಿಗೆ ದಾರಿ ಇರಲಿಲ್ಲ. ಅಲ್ಲಿಂದಾಚೆ ನಾನಿದ್ದೆ.

ಅವನು ಕೂಗಲಿ ಅಂತ ನಾನು ಕಾದೆ. ಕೂಗುವ ಚೌರಪ್ಪ ನನಗೆ ಗೊತ್ತಿದ್ದ ಚೌರಪ್ಪ. ಈ ಸುಮ್ಮನಿರುವವನು ಯಾರೋ.

"ಲೂರ್ದು" ಅಂದ. "ನಾನು ಹಾಕಿದ್ದು ಇದಕ್ಕೆ ಸೇರಲೇ ಇಲ್ಲ."

ಅವಳು ಬೇಕಾದಷ್ಟು ಹೇಳಬಹುದಾಗಿತ್ತು. "ಏಳಿ, ಊಟಕ್ಕೆ ಹೋಗಣ" ಅಂದಳು.

"ನೀನು ಉಣ್ಣು."

ಎದ್ದ. ಕೈಗೆ ಮೆತ್ತಿದ್ದ ಗೋಡನ್ನು ಒರೆಸಿಕೊಳ್ಳಲೂ ಇಲ್ಲ. ಹಾರೆ ಬಿದ್ದಲ್ಲೇ ಬಿತ್ತು, ಟವೆಲ್ ಕಂಬದ ಮೇಲೇ ಉಳಿಯಿತು. ಕಿತ್ತು ಹಾಕಿದ್ದ ಬಳ್ಳಿಗಳನ್ನು ದಾಟುವಾಗ ಒಂದನ್ನೂ ತುಳಿಯದ ಹಾಗೆ ನೋಡಿ ನೋಡಿ ಕಾಲಿಟ್ಟ. ಲೂರ್ದಮ್ಮ ಹಿಂದಿನಿಂದ ಒಂದು ಸಲ ಕರೆದಳು. ತಿರುಗಲಿಲ್ಲ. ಹದ್ದುಗುಂಡಿನ ತಿರುವಿನಲ್ಲಿ ತಲೆ ಮರೆಯಾಯಿತು.

ಉಳಿದ ಸಾಲುಗಳ ಗೋಡನ್ನು ಅಕ್ಕ ತಮ್ಮ ಸೇರಿ ಹೊತ್ತು ಇಳಿಸಿದರು. ಎಸೆದಿದ್ದ ಕಲ್ಲುಗಳನ್ನು ವಾಪಸ್ಸು ನಮ್ಮ ಬುಡಕ್ಕೆ ತಂದರು. ನಾವು ಬದುಕಿದವು ಬದುಕಿದೆವು. ಹಣ್ಣು ಮತ್ತೆ ಸಣ್ಣಗಾಯಿತು, ಹುಳಿಯಾಯಿತು, ಇನ್ನಾಸಪ್ಪ ಮತ್ತೆ ಕಣ್ಣು ಮುಚ್ಚಿ ಅಗಿದ. ಗುಡ್ಡ ಲೂರ್ದಮ್ಮನದಾಗಿಯೇ ಉಳಿಯಿತು.

ಕತ್ತರಿ ಕಾಲ ಬಂತು. ಅವನು "ಗಾಳಿ ಕುಡಿಯಲು" ಬರಲಿಲ್ಲ. ಲೂರ್ದಮ್ಮ ದಾರಿ ನೋಡಿ ನೋಡಿ ಮಧ್ಯಾಹ್ನದ ಮೇಲೆ ತಾನೇ ಕತ್ತರಿ ಎತ್ತಿಕೊಂಡಳು. ಅವಳ ಕೈ ಈಗ ಅಳುಕುವುದಿಲ್ಲ, ಆದರೂ ನೋಯುತ್ತದೆ. ಮುಂದಿನ ಕತ್ತರಿಗೂ ಬರಲಿಲ್ಲ. ಕೆಳಗೆ ಅವನಿದ್ದಾನೆ. ಅವನ ಚಪ್ಪರದಲ್ಲಿ ಔಷಧಿ ಹೊಡೆಯುವ ಮೋಟಾರು ಬೆಳಗ್ಗೆ ಶುರುವಾಗುವುದು, ಬಿಸಿಲೇರಿದ ಮೇಲೆ ನಿಲ್ಲುವುದು ಇಲ್ಲಿಗೆ ಕೇಳಿಸುತ್ತದೆ. ಗುಡ್ಡ ಮಾತ್ರ ಹತ್ತುವುದಿಲ್ಲ.

ನನಗೀಗ ವಯಸ್ಸಾಗಿದೆ. ಕಾಂಡ ಬಿರಿದು ನಾರು ನಾರಾಗಿದೆ, ವರ್ಷಕ್ಕೆ ನಾಲ್ಕು ಗೊಂಚಲು ಬಿಟ್ಟರೆ ಹೆಚ್ಚು. ಭಯ ಹೋಗಿಲ್ಲ, ಆದರೆ ಬೇರೆಯಾಗಿದೆ. ಮೊದಲು ಅವನ ಹೆಜ್ಜೆ ಸದ್ದು ಕೇಳಿದರೆ ಹೆದರುತ್ತಿದ್ದೆ. ಈಗ ಅವನು ನಾನು ಉಣ್ಣಲೇ ಇಲ್ಲ ಅಂದುಕೊಂಡೇ ಸತ್ತುಹೋದರೆ ಅನ್ನುವ ಭಯ. ಉಂಡಿದ್ದೆ. ಆಸೆಯಿಂದಲೇ ಉಂಡಿದ್ದೆ, ಅರಗಲಿಲ್ಲ ಅಷ್ಟೆ. ಇದನ್ನು ಅವನಿಗೆ ಹೇಳಲು ನನಗೆ ಬಾಯಿಲ್ಲ, ಬಾಯಿದ್ದ ಲೂರ್ದಮ್ಮನಿಗೆ ಇದು ಗೊತ್ತಿಲ್ಲ.

ಮೊದಲು ಇಬ್ಬರು ಜಗಳವಾಡಿಕೊಂಡು ಪಕ್ಕ ಪಕ್ಕ ಹತ್ತುವಷ್ಟು ಅಗಲವಿತ್ತು ಗುಡ್ಡದ ದಾರಿ. ಎರಡೂ ಕಡೆಯಿಂದ ಹುಲ್ಲು ಬೆಳೆದು ಬಂದು, ಈಗ ಒಬ್ಬರ ಪಾದದಷ್ಟೇ ಉಳಿದಿದೆ.